ಬಾಂಬ್ ದಾಳಿಯ ನಡುವೆ ಹಾಡು: ಸುಡಾನ್‌ನ ಈ ಚಿತ್ರ ನೋಡಿದ್ದೀರಾ?

ಪ್ರಶ್ನೆ: ಹಜೂಜ್ ಕುಕಾ ಅವರ 2014ರ ಸಾಕ್ಷ್ಯಚಿತ್ರ ‘ಬೀಟ್ಸ್ ಆಫ್ ದಿ ಆಂಟೊನೊವ್’ ನಿನ್ನೆ ನೋಡಿದೆ. ಸುಡಾನ್‌ನ ಬ್ಲೂ ನೈಲ್ ಪ್ರಾಂತ್ಯ, ನೂಬಾ ಬೆಟ್ಟಗಳ ಜನರ ಕಥೆ. ಸರ್ಕಾರದ ಆಂಟೊನೊವ್ ವಿಮಾನ ಬಾಂಬ್ ಹಾಕಿ ಹೋದ ಮೇಲೆ ಗುಂಡಿಯಿಂದ ಎದ್ದು ಬಂದು ನಗುತ್ತಾರೆ! ಆಮೇಲೆ ಹಾಡು, ಕುಣಿತ. ನನಗಂತೂ ನಿದ್ದೆಯೇ ಬರಲಿಲ್ಲ. ಆ ನಗು ಎಲ್ಲಿಂದ ಬರುತ್ತದೆ?

ಉತ್ತರ 1: ಬದುಕಿ ಉಳಿದೆವು ಅನ್ನೋ ಖುಷಿ ಅದು, ಅಲ್ವಾ? ಆದರೆ ಅಷ್ಟೇ ಅಲ್ಲ. 2011ರಲ್ಲಿ ಅಲ್ಲಿ ಮತ್ತೆ ಯುದ್ಧ ಶುರುವಾಯಿತು. ರಾಜಧಾನಿ ಖಾರ್ಟೂಮ್‌ನ ಸರ್ಕಾರ ಅರಬ್ ಗುರುತನ್ನೇ ಎಲ್ಲರ ಮೇಲೂ ಹೇರುತ್ತಿತ್ತು. ಅಂಥ ಹೊತ್ತಲ್ಲಿ ತಮ್ಮ ಭಾಷೆಯಲ್ಲಿ ಹಾಡಿದರೆ ‘ನಾವೂ ಇದ್ದೇವೆ’ ಎಂದು ಕೂಗಿ ಹೇಳಿದ ಹಾಗೆ.

ಉತ್ತರ 2: ನನಗೆ ಹುಡುಗಿಯರ ಹಾಡು ಜಾಸ್ತಿ ಹಿಡಿಸಿತು. ಅವರೇ ಕಟ್ಟುತ್ತಾರೆ, ಅವರೇ ಹಾಡುತ್ತಾರೆ. ರಬಾಬಾ ಅನ್ನೋ ತಂತಿವಾದ್ಯವನ್ನೂ ಕೈಗೆ ಸಿಕ್ಕ ವಸ್ತುಗಳಿಂದಲೇ ಮಾಡಿಕೊಳ್ಳುತ್ತಾರೆ. ಆ ಭಾಗ ಇನ್ನೊಮ್ಮೆ ನೋಡಿ.