ಅಪ್‌ಡೇಟ್: ಓಪನ್ ಎಲೆಕ್ಟಿವ್ ಕೊನೆಗೂ ಬದಲಾಯಿತು

ಧಾರವಾಡದಿಂದ ಪುಣೆಗೆ ಬಂದು ಬಿ.ಕಾಂ. ಸೇರಿದ್ದೇನೆ, ಓಪನ್ ಎಲೆಕ್ಟಿವ್ (ಬೇರೆ ವಿಭಾಗದಿಂದ ನಾವೇ ಆರಿಸಿಕೊಳ್ಳುವ ವಿಷಯ) ತಪ್ಪಾಗಿ ಆರಿಸಿಬಿಟ್ಟೆ, ಈಗ ಬಿಡಬಹುದಾ ಅಂತ ಎರಡು ವಾರದ ಹಿಂದೆ ಇಲ್ಲಿ ಕೇಳಿದ್ದೆ. ಬದಲಾಯಿತು!

ನಾನು ತಗೊಂಡಿದ್ದು ಮರಾಠಿಯಲ್ಲಿ ನಡೆಯುವ ಇತಿಹಾಸ. ಸರ್ ಚೆನ್ನಾಗೇ ಪಾಠ ಮಾಡುತ್ತಿದ್ದರು, ಆದರೆ ನನಗೆ ತಿಳಿದಿದ್ದು ‘ಸಮಜಲಾ ಕಾ?’ (ಅರ್ಥ ಆಯ್ತಾ?) ಒಂದೇ. ಎನ್‌ಇಪಿ (ಹೊಸ ರಾಷ್ಟ್ರೀಯ ಶಿಕ್ಷಣ ನೀತಿ) ಬಂದ ಮೇಲೆ ಕಾಮರ್ಸ್‌ನವರು ಬೇರೆ ವಿಭಾಗದ ವಿಷಯವನ್ನೇ ತಗೋಬೇಕಲ್ವಾ, ಹಾಗಾಗಿ ಸೈನ್ಸ್ ಕಡೆಯ ಪರಿಸರ ಅಧ್ಯಯನ ಹಿಡಿದೆ. ಅದೂ 2 ಕ್ರೆಡಿಟ್, ಅಂದರೆ ಸೆಮಿಸ್ಟರ್‌ಗೆ 30 ಗಂಟೆ.

‘ಸೀಟು ಖಾಲಿ ಇದೆಯಾ ನೋಡಿ, ಆಮೇಲೆ ಹಳೇದು ಬಿಡಿ’ ಎಂದು ನೀವು ಆಗ ಹೇಳಿದ್ದಿರಲ್ಲ, ಅದೇ ಕೈ ಹಿಡಿಯಿತು. ಉಳಿದಿದ್ದು ಮೂರೇ ಸೀಟು. ಆಫೀಸಿನ ಕಿಟಕಿಯಲ್ಲಿ ದಾರಕ್ಕೆ ಕಟ್ಟಿದ ಪೆನ್ನಿನಿಂದ ಫಾರ್ಮ್ ತುಂಬಿದೆ. ಬಿಡುವ ಕ್ಲಾಸಿನವರದ್ದೊಂದು ಸಹಿ, ಸೇರುವ ಕ್ಲಾಸಿನವರದ್ದೊಂದು. ಒಳಗಿದ್ದ ಕಾಕಾ ನನ್ನ ಮರಾಠಿ ಕೇಳಿ, ‘ಯಾವ ಊರಪಾ ನಿಂದು?’ ಎಂದು ಕನ್ನಡದಲ್ಲೇ ಕೇಳಬೇಕೇ! ಸುಮ್ನೆ ಎರಡು ದಿನ ಒದ್ದಾಡಿದ್ದೆ.

ತಪ್ಪಿಹೋದ ನಾಲ್ಕು ಕ್ಲಾಸಿನ ಹಾಜರಾತಿ ಏನಾಗುತ್ತೆ ಅಂತ ಇನ್ನೂ ಹೇಳಿಲ್ಲ. ಹೊಸ ಕ್ಲಾಸು ಬೆಳಿಗ್ಗೆ 7:20ಕ್ಕೆ. ಅಷ್ಟೊತ್ತಿಗೆ ಮೆಸ್ಸಿನಲ್ಲಿ ಪೋಹೆ ಕೂಡ ಆಗಿರಲ್ಲ.