ಅಜ್ಜನ ಲೈಕಾದ 35 ಎಂಎಂ ಲೆನ್ಸ್ ಬದಲಾಯಿಸ್ಬೇಕಾ, ಇದನ್ನೇ ಇಟ್ಕೊಳ್ಳೋದಾ?

ಪ್ರಶ್ನೆ (ಮೂಡಿಗೆರೆ ಹತ್ರದಿಂದ):

ನಮಸ್ಕಾರ ಎಲ್ರಿಗೂ. ಹಾಸನದಲ್ಲಿ ಲೆನ್ಸ್ ರಿಪೇರಿ ಮಾಡೋ ಸರ್ ಈ ಗ್ರೂಪಲ್ಲಿದಾರೆ ಅಂತ ಗೊತ್ತಾಯ್ತು, ಅವ್ರಿಗೇ ಈ ಪ್ರಶ್ನೆ. ನಮ್ಮಜ್ಜ ಹೋದ್ಮೇಲೆ ಅವ್ರ ಬೀರು ಖಾಲಿ ಮಾಡೋವಾಗ ಲೈಕಾ 3ಎಫ್ ಸಿಕ್ತು, ದೂರ ಅಳೆದು ಫೋಕಸ್ ಮಾಡೋ ರೇಂಜ್‌ಫೈಂಡರ್ ಇರೋ ಫಿಲ್ಮ್ ಕ್ಯಾಮೆರಾ, ಜೊತೆಗೆ 35 ಎಂಎಂ ಸಮ್ಮರಾನ್ ಎಫ್ 3.5 ಲೆನ್ಸು. ಇಪ್ಪತ್ತೈದು ವರ್ಷ ಚರ್ಮದ ಕೇಸಲ್ಲೇ ಇತ್ತು. ಬಾಡಿ ಸರ್ವಿಸ್ ಆಗಿದೆ, ಶಟರ್ ಸರಿಯಾಗಿದೆ. ಆರು ರೋಲ್ ತೆಗ್ದೆ, ಎಲ್ಲಾ ಐಎಸ್‌ಒ 400ರ ಕಪ್ಪು ಬಿಳುಪು ಫಿಲ್ಮು. ಬೇಲೂರಲ್ಲಿ ಮದನಿಕೆಗಳನ್ನ ಕೆಳಗಿಂದ ತೆಗೆದ್ರೆ ಆಕಾಶದ ಬಿಳುಪೆಲ್ಲಾ ಕಲ್ಲಿನ ಮೇಲೆ ಹರಿದಿದೆ, ತೋಟದಲ್ಲಿ ಸಿಲ್ವರ್ ಓಕ್ ಸಂದಿಯಿಂದ ಬಿಸಿಲು ಬೀಳೋ ಫೋಟೋಗಳು ಹಾಲು ಕಲಸಿದ ಹಾಗಿವೆ, ಕಪ್ಪು ಅನ್ನೋದೇ ಇಲ್ಲ. ದೇವಸ್ಥಾನದ ಒಳಗೆ ನವರಂಗದಲ್ಲಂತೂ ಫೋನಿನ ಬೆಳಕು ಮೀಟರ್ 1/8 ಸೆಕೆಂಡ್ ತೋರಿಸ್ತಿತ್ತು, ಕೈ ಅಲ್ಲಾಡಿ ಎಲ್ಲಾ ಹಾಳು. ಇನ್ನೊಂದು, ನಾನು ಕಿಂಡೀಲಿ ನೋಡಿದ್ದಕ್ಕಿಂತ ಫೋಟೋದಲ್ಲಿ ಜಾಸ್ತಿ ಬರುತ್ತೆ, ಯಾಕೆ ಅಂತ ಗೊತ್ತಾಗ್ತಿಲ್ಲ.

ಒಂದು ಅಂಗಡೀಲಿ ಕೇಳಿದ್ದಕ್ಕೆ "ಹಳೇ ಗಾಜು ಮೇಡಂ, ಇಷ್ಟೇ ಬರೋದು, ಶೋಕೇಸಲ್ಲಿಟ್ಟು ಹೊಸದು ತಗೊಳ್ಳಿ" ಅಂದ್ರು. ಬೆಂಗಳೂರಲ್ಲಿ ಒಬ್ರು ಎಂ ಮೌಂಟಿನ 35 ಎಂಎಂ ಎಫ್ 2 ಲೆನ್ಸ್ ಸೆಕೆಂಡ್ ಹ್ಯಾಂಡ್ ಕೊಡ್ತೀನಿ ಅಂತಿದಾರೆ, ನಾಳೆ ಅಡ್ವಾನ್ಸ್ ಕಳಿಸ್ಬೇಕು. ಕಳಿಸ್ಲಾ? ಅಜ್ಜನ ಲೆನ್ಸ್ ಬಿಡೋಕೆ ಮನಸ್ಸೂ ಇಲ್ಲ ಸರ್.

ಉತ್ತರ:

ಮೇಡಂ, ಮೊದಲು ಅಡ್ವಾನ್ಸ್ ನಿಲ್ಸಿ. ಮೌಂಟ್ ಅಂದ್ರೆ ಲೆನ್ಸ್ ಬಾಡಿಗೆ ಕೂರೋ ಜಾಗ. ನಿಮ್ಮ 3ಎಫ್ ಸ್ಕ್ರೂ ಮೌಂಟಿಂದು, 39 ಎಂಎಂ ಮರೆ (ಸ್ಕ್ರೂ ಸುತ್ತು), ತಿರುಗಿಸಿ ಹಾಕೋದು. ಎಂ ಮೌಂಟ್ ಬಂದಿದ್ದು 1954ರಲ್ಲಿ ಲೈಕಾ ಎಂ3 ಕ್ಯಾಮೆರಾ ಜೊತೆ. ಸ್ಕ್ರೂ ಲೆನ್ಸನ್ನ ಅಡಾಪ್ಟರ್ ಹಾಕಿ ಎಂ ಬಾಡಿಗೆ ಕೂರಿಸ್ಬಹುದು, ಯಾಕಂದ್ರೆ ಮೌಂಟಿಂದ ಫಿಲ್ಮಿಗೆ ಇರೋ ದೂರ ಸ್ಕ್ರೂದಲ್ಲಿ 28.8 ಎಂಎಂ, ಎಂ ಬಾಡೀಲಿ 27.8, ಮಧ್ಯದ ಒಂದು ಮಿಲಿಮೀಟರಲ್ಲಿ ಅಡಾಪ್ಟರ್ ಕೂರುತ್ತೆ. ಉಲ್ಟಾ ಆಗಲ್ಲ. ಎಂ ಲೆನ್ಸು ನಿಮ್ಮ ಬಾಡಿ ಮೇಲೆ ಕೂರೋದೇ ಇಲ್ಲ, ಎಷ್ಟೇ ಒಳ್ಳೇ ಲೆನ್ಸಾಗಿರ್ಲಿ. ಮಾರೋರು ಇದನ್ನ ಹೇಳ್ದೇ ಇದ್ದಿದ್ದು ನಂಗೆ ಬೇಜಾರಾಯ್ತು.

ಈಗ ನಿಮ್ಮ ತೊಂದರೆ. ನೀವು ಬರೆದಿರೋದು ಮೂರು ಬೇರೆ ಬೇರೆ ವಿಷಯ, ಮೂರನ್ನೂ ಲೆನ್ಸಿನ ತಲೆಗೆ ಕಟ್ಟಿದೀರ.

ಹಾಲು ಕಲಸಿದ ಹಾಗೆ ಬರೋದು ಸಮ್ಮರಾನಿನ ಗುಣ ಅಲ್ಲ ಕಣ್ರೀ, ಅದು ಆರು ಗಾಜಿನ ಒಳ್ಳೇ ಲೆನ್ಸು, ಎರಡನೇ ಮಹಾಯುದ್ಧ ಮುಗಿದ್ಮೇಲೆ ಹಳೇ ನಾಲ್ಕು ಗಾಜಿನ ಎಲ್ಮಾರ್ ಜಾಗಕ್ಕೆ ತಂದಿದ್ದು, ಸರಿಯಾಗಿರೋ ಪೀಸು ಎಫ್ 8ರಲ್ಲಿ ಕಲ್ಲಿನ ಉಳಿ ಗೆರೆ ಕೂಡ ಬಿಡಿಸಿ ತೋರಿಸುತ್ತೆ. ನನ್ನ ಅನುಮಾನ ಒಳಗಡೆ ಮಬ್ಬು ಕೂತಿದೆ ಅಂತ. ಫೋಕಸ್ ಮರೇಲಿ, ಅಪರ್ಚರಲ್ಲಿ (ಬೆಳಕು ಬಿಡೋ ತೂತನ್ನ ಹಿರಿದು ಕಿರಿದು ಮಾಡೋ ಎಲೆಗಳು) ಹಾಕಿರೋ ಗ್ರೀಸು ಎಣ್ಣೆ ವರ್ಷಗಟ್ಟಲೆ ಆವಿಯಾಗಿ ಗಾಜಿನ ಮೇಲೆ ತೆಳ್ಳಗೆ ಪದರ ಕಟ್ಟುತ್ತೆ, ಸಮ್ಮರಾನಲ್ಲಿ ಅಪರ್ಚರ್ ಎಲೆಗಳ ಹಿಂದೆ ಮುಂದೆ ಇರೋ ಗಾಜಲ್ಲಿ ಇದು ಸಾಮಾನ್ಯ. ಆಕಾಶದ ಬೆಳಕು ಆ ಪದರಕ್ಕೆ ಬಡಿದು ಫಿಲ್ಮ್ ತುಂಬ ಚೆಲ್ಲುತ್ತೆ, ಅಪರ್ಚರ್ ಸಣ್ಣ ಮಾಡಿದ್ರೂ ಹೋಗಲ್ಲ. ಇವತ್ತು ರಾತ್ರಿ ಲೆನ್ಸ್ ಬಿಚ್ಚಿ, ಅಪರ್ಚರ್ 3.5ಕ್ಕೆ ಇಟ್ಟು, ಲೈಟ್ ಆರಿಸಿ, ಹಿಂದಿನಿಂದ ಸಣ್ಣ ಟಾರ್ಚ್ ಓರೆಯಾಗಿ ಬಿಡಿ, ಮುಂದಿನಿಂದ ನೋಡಿ. ಎಲ್ಲಾ ಕಡೆ ಸಮನಾಗಿ ಬೆಳ್ಳಗಿದ್ರೆ ಮಬ್ಬು. ಜೇಡರ ಬಲೆ ಥರ ಎಳೆ ಎಳೆ ಇದ್ರೆ ಬೂಷ್ಟು, ಅಂದ್ರೆ ಫಂಗಸ್. ನೋಡಿ ಇಲ್ಲೇ ಬರೀರಿ.

ಕಿಂಡೀದು ಸುಲಭ. 3ಎಫ್ ಬಾಡಿ ಒಳಗಿರೋ ಕಿಂಡಿ 50 ಎಂಎಂ ಲೆನ್ಸಿಗೆ ಮಾತ್ರ, ನೀವು 50ರ ಕಿಂಡೀಲಿ ನೋಡಿ 35ರಲ್ಲಿ ತೆಗೀತಿದೀರ, ಅದಕ್ಕೇ ಅಂಚಲ್ಲಿ ಜಾಸ್ತಿ ಬರ್ತಿದೆ. ಕ್ಯಾಮೆರಾ ಮೇಲಿನ ಶೂ ಅನ್ನೋ ಜಾಗಕ್ಕೆ ಸಿಗಿಸೋ 35ರ ಫೈಂಡರ್, ಅಂದ್ರೆ ಬೇರೆ ಕಿಂಡಿ, ಸಿಗುತ್ತೆ. ಮೊದಲು ಕಾಸು ಹಾಕೋದಾದ್ರೆ ಇದಕ್ಕೆ ಹಾಕಿ. ಬೀರೂಲಿ ಇನ್ನೊಂದ್ಸಲ ಹುಡುಕಿ, ಅಜ್ಜ 35 ಹಾಕ್ತಿದ್ರು ಅಂದ್ರೆ ಅವ್ರ ಹತ್ರ ಫೈಂಡರ್ ಖಂಡಿತ ಇರ್ಬೇಕು.

ಇನ್ನು ಕತ್ತಲೆ. ಎಫ್ ನಂಬರ್ ಸಣ್ಣದಾದಷ್ಟೂ ಲೆನ್ಸ್ ಬೆಳಕು ಜಾಸ್ತಿ ಬಿಡುತ್ತೆ. ಸ್ಕ್ರೂ ಮೌಂಟಲ್ಲೇ ಅಪ್‌ಗ್ರೇಡ್ ಅಂದ್ರೆ ಫೋಕ್ಟ್‌ಲ್ಯಾಂಡರ್ ಕಲರ್ ಸ್ಕೋಪರ್ 35 ಎಫ್ 2.5, ಜಪಾನಿನ ಕೊಸಿನಾದವ್ರು ಮಾಡಿದ್ದು, ಸಣ್ಣದು, ಗಾಜಿನ ಮೇಲಿನ ಕೋಟಿಂಗ್ ಚೆನ್ನಾಗಿದೆ, ಸೆಕೆಂಡ್ ಹ್ಯಾಂಡಲ್ಲೇ ಹುಡುಕ್ಬೇಕು. ಅದು 3.5ಕ್ಕಿಂತ ಹೆಚ್ಚುಕಮ್ಮಿ ಎರಡರಷ್ಟು ಬೆಳಕು ಬಿಡುತ್ತೆ, ಅಂದ್ರೆ ನಿಮ್ಮ 1/8 ಹೋಗಿ 1/15 ಆಗುತ್ತೆ. ಅಷ್ಟೇ. ಹಳೇ ಕ್ಯಾನನ್ 35 ಎಫ್ 2 ಸ್ಕ್ರೂದಲ್ಲಿ ಸಿಕ್ರೆ 1/25 ಹತ್ರ, ಆದ್ರೆ ಹಳೇ ಕ್ಯಾನನಲ್ಲೂ ಮಬ್ಬು ಬರುತ್ತೆ, ಟಾರ್ಚ್ ಹಾಕಿ ನೋಡ್ದೇ ತಗೋಬಾರ್ದು. ಲೈಕಾದ ಸಮ್ಮಿಕ್ರಾನ್ 35 ಸ್ಕ್ರೂ ಮೌಂಟಲ್ಲಿ ಬಂದಿದ್ದೇ ಕಮ್ಮಿ, ಕಲೆಕ್ಟರ್‌ಗಳ ರೇಟು, ಮರೆತುಬಿಡಿ. ಅದೇ ನಿಮ್ಮ 400ರ ಫಿಲ್ಮು ಇಲ್ಫರ್ಡ್ ಎಚ್‌ಪಿ5 ಥರದ್ದಾದ್ರೆ ಅದನ್ನ 1600 ಅಂತ ಇಟ್ಕೊಂಡು ತೆಗೆದು, ಲ್ಯಾಬಿಗೆ ಎರಡು ಸ್ಟಾಪ್ (ಒಂದೊಂದು ಸ್ಟಾಪೂ ಎರಡರಷ್ಟು) ಪುಶ್ ಮಾಡಿ, ಜಾಸ್ತಿ ಹೊತ್ತು ಡೆವಲಪ್ ಮಾಡಿ ಅಂದ್ರೆ 1/8 ಇದ್ದಿದ್ದು 1/30 ಆಗುತ್ತೆ. ಗ್ರೇನ್ ಜಾಸ್ತಿ ಬರುತ್ತೆ, ತೀರಾ ಕತ್ತಲೆ ಮೂಲೆಗಳು ಕಪ್ಪಾಗೇ ಉಳಿಯುತ್ತೆ, ಆದ್ರೂ ನವರಂಗದ ಕಂಬಗಳಿಗೆ ನನ್ನ ಕಣ್ಣಿಗೆ ಅದೇ ಒಪ್ಪುತ್ತೆ. ಒಂದು ವಿಷಯ ಯೋಚ್ನೆ ಮಾಡಿ, ಮೂರು ಮೀಟರ್ ದೂರದ ಕಂಬಕ್ಕೆ ಫೋಕಸ್ ಮಾಡಿದ್ರೆ ಎಫ್ 3.5ರಲ್ಲಿ ಹೆಚ್ಚುಕಮ್ಮಿ 2.4ರಿಂದ 4 ಮೀಟರ್ ತನಕ ಶಾರ್ಪ್ ಇರುತ್ತೆ, ಎಫ್ 2ರಲ್ಲಿ 2.6ರಿಂದ 3.5 ಅಷ್ಟೇ, ಹಿಂದಿನ ಕಂಬ ಹೋಯ್ತು.

ಸಕಲೇಶಪುರದ ಮೆಂಬರ್:

ಅಣ್ಣಾ ಮಧ್ಯೆ ಬಂದೆ, ನನ್ ಹತ್ರ ರಷ್ಯಾದ ಜುಪಿಟರ್ 12 ಇದೆ, 35 ಎಂಎಂ ಎಫ್ 2.8, ಸ್ಕ್ರೂ ಮೌಂಟೇ. ಅವ್ರಿಗೆ ಕೊಡ್ಬಹುದಾ? ನಾನು ಅದನ್ನ ಮಿರರ್‌ಲೆಸ್ ಡಿಜಿಟಲ್ ಕ್ಯಾಮೆರಾಗೆ ಹಾಕಿದ್ರೆ ಮೂಲೆ ಎಲ್ಲಾ ಕಲಸಿಹೋಗುತ್ತೆ.

ಉತ್ತರ:

ಲೆನ್ಸ್ ಕೆಟ್ಟದಲ್ಲ ತಮ್ಮಾ. ಅದು ಜೈಸ್ ಕಂಪನೀಲಿ ಬರ್ಟೆಲೆ ಅನ್ನೋರು 1930ರ ದಶಕದಲ್ಲಿ ಮಾಡಿದ ಬಯೋಗಾನ್ ಲೆನ್ಸಿನ ರಷ್ಯನ್ ರೂಪ. ಹಿಂದಿನ ಗಾಜು ಬಾಡಿ ಒಳಗೆ ಶಟರ್ ಹತ್ರದ ತನಕ ಚಾಚ್ಕೊಂಡಿರುತ್ತೆ, ಅಲ್ಲಿಂದ ಬೆಳಕು ಮೂಲೆಗೆ ತುಂಬಾ ಓರೆಯಾಗಿ ಬೀಳುತ್ತೆ, ಫಿಲ್ಮಿಗೆ ಅದು ಲೆಕ್ಕಕ್ಕಿಲ್ಲ, ಸೆನ್ಸರ್ ಮೇಲಿರೋ ದಪ್ಪ ಗಾಜಿಗೆ ತೊಂದರೆ. ನಿಮ್ಮ ಮೂಲೆ ಕಲಸಿರೋದು ಅದಕ್ಕೇ. ಮೇಡಂಗೆ ಇದು ಅಪ್‌ಗ್ರೇಡ್ ಆಗಲ್ಲ, 3.5ರಿಂದ 2.8ಕ್ಕೆ ಒಂದು ಪೂರ್ತಿ ಸ್ಟಾಪೂ ಸಿಗಲ್ಲ. ಹೋಲಿಸಿ ನೋಡೋಕೆ ಒಂದು ರೋಲಿಗೆ ಕೊಡ್ತೀರ ಅಂದ್ರೆ ಕೊಡಿ, ಬಾಡಿಗೆ ಹಾಕೋವಾಗ ಹಿಂದಿನ ಗಾಜು ಎಲ್ಲೂ ತಾಗ್ದೇ ನೇರವಾಗಿ ಹೋಗ್ಬೇಕು, ಟೇಬಲ್ ಮೇಲೆ ಹಿಂಬದಿ ಕೆಳಗೆ ಮಾಡಿ ಇಡಲೇಬಾರ್ದು.

ಪ್ರಶ್ನೆ ಕೇಳಿದವರು:

ಸರ್, ಟಾರ್ಚ್ ಹಾಕಿದೆ. ನೋಡಿ ಒಂದು ನಿಮಿಷ ಮಾತೇ ಬರ್ಲಿಲ್ಲ, ಕಣ್ಣಿಗೆ ಪೊರೆ ಬಂದ ಹಾಗೆ ಪೂರ್ತಿ ಬೆಳ್ಳಗಿದೆ, ಹಗಲಲ್ಲಿ ನೋಡಿದ್ರೆ ಏನೂ ಕಾಣ್ತಿರ್ಲಿಲ್ಲ! ಅಂಚಲ್ಲಿ ಒಂದೆರಡು ಸಣ್ಣ ಎಳೆಗಳೂ ಇವೆ. ಇದು ಹೋಗುತ್ತಾ? ಅಡ್ವಾನ್ಸ್ ಕಳಿಸ್ಲಿಲ್ಲ. ಫೈಂಡರ್ ಸಿಕ್ತು, ಅಜ್ಜಿಯ ದಾರದ ಡಬ್ಬೀಲಿತ್ತು, ಏನೋ ಗಾಜು ಅಂತ ಎತ್ತಿಟ್ಟಿದ್ರಂತೆ.

ಉತ್ತರ:

ಫೈಂಡರ್ ಸಿಕ್ಕಿದ್ದು ಕೇಳಿ ತುಂಬಾ ಖುಷಿ ಆಯ್ತು.

ಬರೀ ಮಬ್ಬಾದ್ರೆ ಬಹಳಷ್ಟು ಸಲ ಹೋಗುತ್ತೆ. ತುಂಬಾ ವರ್ಷ ಬಿಟ್ಟಿದ್ರೆ ಗಾಜಿನ ಮೈಯನ್ನೇ ತಿಂದಿರುತ್ತೆ, ಅದು ಬಿಚ್ಚಿ ಒರೆಸಿ ನೋಡಿದ್ಮೇಲೇ ಗೊತ್ತಾಗೋದು, ಈಗಲೇ ಮಾತು ಕೊಡಲ್ಲ. ಎಳೆಗಳಿವೆ ಅಂದ್ರಲ್ಲ, ಅದಕ್ಕೆ ತಡ ಮಾಡ್ಬೇಡಿ, ಬೂಷ್ಟು ಬಿಡೋ ಆಸಿಡ್ ಕೋಟಿಂಗ್ ತಿನ್ನುತ್ತೆ, ನಿಮ್ಮೂರ ಮಳೆಗಾಲ ಒಂದು ಕಳೆದ್ರೆ ಎರಡು ಎಳೆ ಇಪ್ಪತ್ತಾಗುತ್ತೆ. ಯಾರ ಹತ್ರ ಕೊಟ್ರೂ ಎರಡು ಮಾತು ಹೇಳಿ ಕೊಡಿ, ಅಪರ್ಚರಿನ ಎರಡೂ ಬದಿಯ ಗಾಜು ಬಿಚ್ಚಿ ಒರೆಸ್ಬೇಕು, ಯಾವ ಕಾರಣಕ್ಕೂ ಪಾಲಿಶ್ ಮಾಡ್ಬಾರ್ದು. ಪಾಲಿಶ್ ಮಾಡಿದ್ರೆ ಮಬ್ಬಿನ ಜೊತೆ ಕೋಟಿಂಗೂ ಹೋಗುತ್ತೆ, ಆಮೇಲೆ ಆ ಲೆನ್ಸು ವಾಪಸ್ ಬರಲ್ಲ. ನೀವೇ ಯೂಟ್ಯೂಬ್ ನೋಡ್ಕೊಂಡು ಬಿಚ್ಚೋಕೆ ಹೋಗ್ಬೇಡಿ, ಆ ಪುಟ್ಟ ಸ್ಕ್ರೂಗಳ ತಲೆ ಒಂದ್ಸಲ ಸವೆದ್ರೆ ನನ್ನಂಥೋರಿಗೂ ಕಷ್ಟ.

ಜೊತೆಗೆ ಒಂದು ಹುಡ್ ತಗೊಳ್ಳಿ, ಲೆನ್ಸ್ ಮುಂದೆ ಹಾಕಿ ಅಡ್ಡ ಬೆಳಕು ತಡೆಯೋದು. ಮೊದಲಿನ ಸಮ್ಮರಾನಿಗೆ 36 ಎಂಎಂ ಹೊರಗಿಂದ ಹಿಡ್ಕೊಳ್ಳೋ ಥರದ್ದು, ಆಮೇಲಿನವಕ್ಕೆ 39 ಎಂಎಂ ಮರೆ, ಅಳತೆ ನೋಡಿ ತಗೊಳ್ಳಿ. ಮದನಿಕೆ ತೆಗೆಯೋಕೆ ಕತ್ತೆತ್ತಿ ನಿಂತಾಗ ಹುಡ್ ಇಲ್ದೇ ಯಾವ ಲೆನ್ಸೂ ಸೋಲುತ್ತೆ.

ಚಿಕ್ಕಮಗಳೂರಿನ ಮೆಂಬರ್:

ಸರ್, ಬೂಷ್ಟು ಬರ್ದೇ ಇರೋಕೆ ನಮ್ಮನೇಲಿ ಕ್ಯಾಮೆರಾನ ಅಕ್ಕಿ ಡಬ್ಬೀಲಿ ಇಡ್ತೀವಿ, ಸರೀನಾ?

ಉತ್ತರ:

ಬೇಡ, ಅಕ್ಕಿ ಹಿಟ್ಟಿನ ಧೂಳು ಫೋಕಸ್ ಮರೆ ಒಳಗೆ ಹೋಗುತ್ತೆ, ಮಲೆನಾಡ ಮಳೇಲಿ ಅಕ್ಕಿನೇ ತೇವ ಹಿಡ್ದಿರುತ್ತೆ. ಗಾಳಿ ಆಡದ ಪ್ಲಾಸ್ಟಿಕ್ ಡಬ್ಬಿ, ಬಣ್ಣ ಬದಲಾಗೋ ಸಿಲಿಕಾ ಜೆಲ್, ಒಂದು ಸಣ್ಣ ತೇವಾಂಶ ಮೀಟರ್, 40ರಿಂದ 50 ಪರ್ಸೆಂಟ್ ಒಳಗಿರ್ಲಿ ಸಾಕು. ಬಣ್ಣ ತಿರುಗಿದ್ರೆ ಸಣ್ಣ ಉರೀಲಿ ಬಿಸಿ ಮಾಡಿ ಮತ್ತೆ ಹಾಕಿ, ಅಡುಗೆ ಪಾತ್ರೇಲಿ ಮಾತ್ರ ಬೇಡ, ನೀಲಿ ಜೆಲ್ಲಿನ ಬಣ್ಣ ಹೊಟ್ಟೆಗೆ ಹೋಗ್ಬಾರ್ದು. ಚರ್ಮದ ಕೇಸು ಬೇರೆ ಕಡೆ ಇಡಿ, ಬೂಷ್ಟಿಗೆ ಅದೇ ತವರು.

ಪ್ರಶ್ನೆ ಕೇಳಿದವರು:

ಸೋಮವಾರ ಹಾಸನಕ್ಕೆ ಬರ್ತಿದೀನಿ ಸರ್, ಅಮ್ಮನೂ ಬರ್ತಾರೆ. ಲೆನ್ಸ್ ನಿಮ್ಮ ಕೈಗೇ ಕೊಡ್ತೀನಿ.

ಉತ್ತರ:

ಬನ್ನಿ. ಬಾಡೀನೂ ತನ್ನಿ, ಲೆನ್ಸ್ ಜೋಡಿಸಿದ್ಮೇಲೆ ರೇಂಜ್‌ಫೈಂಡರ್ ಜೊತೆ ಫೋಕಸ್ ಕೂಡುತ್ತಾ ನೋಡ್ಬೇಕು. ಹಳೇ ನೆಗೆಟಿವ್ ಒಂದೆರಡು ತಂದ್ರೆ ಒಳ್ಳೇದು. ಕ್ಲೀನ್ ಆದ್ಮೇಲೆ ಬೇಲೂರಲ್ಲಿ ಅದೇ ಜಾಗದಲ್ಲಿ, ಅದೇ ಹೊತ್ತಲ್ಲಿ, ಹುಡ್ ಹಾಕಿ ಒಂದು ರೋಲ್ 400ರಲ್ಲಿ, ನವರಂಗದಲ್ಲಿ ಒಂದು ರೋಲ್ 1600ರಲ್ಲಿ ತೆಗೀರಿ, ಒಂದೇ ರೋಲಲ್ಲಿ ಎರಡೂ ಮಾಡ್ಬೇಡಿ, ಪುಶ್ ಮಾಡೋದು ಇಡೀ ರೋಲಿಗೆ. ಅದಾದ್ಮೇಲೂ ಬೆಳಕು ಸಾಲ್ತಿಲ್ಲ ಅನ್ನಿಸಿದ್ರೆ ಆ ಎಫ್ 2.5 ಸ್ಕೋಪರ್ ನಾನೇ ಹುಡುಕಿ ಕೊಡ್ತೀನಿ.