ಫೋನ್ ಅಪ್ಪನದು, ಬೆರಳು ಮಗನದು: ಶಾಲೆ ಮಕ್ಕಳ ಇಂಟರ್‌ನೆಟ್ ಬಗ್ಗೆ ಕೇಳಿ

ಗ್ರೂಪಿನ ಎಲ್ಲರಿಗೂ ನಮಸ್ಕಾರ ರೀ. ನಾನು ಕಲಬುರಗಿಯ ಒಂದು ಪ್ರೌಢಶಾಲೆಯಲ್ಲಿ ಕಂಪ್ಯೂಟರ್ ಕಲಿಸುತ್ತೇನೆ. ಹದಿನಾಲ್ಕು ವರ್ಷ ಆಯ್ತು. ಈ ಬಿಸಿಲಿಗೆ ಭಾನುವಾರ ಮಧ್ಯಾಹ್ನ ಹೇಗೂ ಹೊರಗೆ ಕಾಲಿಡೋ ಹಾಗಿಲ್ಲ, ಕೂತು ಉತ್ತರ ಬರೀತೀನಿ. ಮಕ್ಕಳು, ಶಾಲೆ, ಇಂಟರ್‌ನೆಟ್ ಬಗ್ಗೆ ಏನಿದ್ದರೂ ಕೇಳಿ. ಹೆಸರು ಬೇಡ, ಊರು ಹೇಳಿದರೆ ಸಾಕು. ಮಗುವಿನ ಫೋಟೊ, ಸ್ಕ್ರೀನ್‌ಶಾಟ್ ಮಾತ್ರ ಇಲ್ಲಿ ಹಾಕಲೇಬೇಡಿ.

ಆಳಂದದ ಒಬ್ಬ ತಾಯಿ: ಮೇಡಂ, ಮಗ ಆರನೇ ಕ್ಲಾಸ್. ಹೋಮ್‌ವರ್ಕ್ ಎಲ್ಲ ವಾಟ್ಸ್‌ಆ್ಯಪ್‌ನಲ್ಲೇ ಬರ್ತದೆ. ಹೋಮ್‌ವರ್ಕ್ ನೋಡ್ತೀನಿ ಅಂತ ಅವರಪ್ಪನ ಫೋನ್ ತಗೊಂಡು ಮಾಳಿಗೆ ಹತ್ತಿದರೆ ಎರಡು ತಾಸು ಇಳಿಯಲ್ಲ. ಕಿತ್ಕೊಂಡರೆ ಊಟ ಬಿಡ್ತಾನೆ. ಏನು ಮಾಡಲಿ?

ಉತ್ತರ: ಅಕ್ಕಾ, ನೆಟ್‌ನಲ್ಲಿ ಸಿಗುವ ಸಲಹೆಗಳಲ್ಲಿ ಹೆಚ್ಚಿನವು ಮಗುವಿಗೆ ತನ್ನದೇ ಫೋನ್ ಇದೆ ಅಂದುಕೊಂಡು ಬರೆದವು. ನಮ್ಮ ಕಡೆ ಎಷ್ಟು ಮನೆಯಲ್ಲಿ ಹಾಗಿದೆ ಹೇಳಿ? ಫೋನ್ ಅಪ್ಪನದೋ ಮುತ್ಯಾನದೋ ಇರುತ್ತದೆ. ಅದರಲ್ಲೇ ಬ್ಯಾಂಕು, ಅದರಲ್ಲೇ ತೊಗರಿ ರೇಟು, ಅದರಲ್ಲೇ ಅಪ್ಪನ ಗೆಳೆಯರ ಗ್ರೂಪು, ಅದರಲ್ಲೇ ಮಗನ ಗಣಿತ. ಯೂಟ್ಯೂಬ್ ತೆರೆದರೆ ಅದರ ಲೆಕ್ಕದಲ್ಲಿ ನೋಡುತ್ತಿರುವವರು ನಿಮ್ಮ ಯಜಮಾನರು. ಅವರು ನಿನ್ನೆ ರಾತ್ರಿ ಏನು ನೋಡಿದ್ದರೋ ಅದರ ಅಣ್ಣತಮ್ಮಂದಿರೇ ಬೆಳಿಗ್ಗೆ ಮಗನ ಮುಂದೆ ಬಂದು ನಿಲ್ಲುತ್ತವೆ. ಹಾಗಾಗಿ ಮಗನನ್ನು ತಿದ್ದೋ ಮೊದಲು ಫೋನ್ ತಿದ್ದಿ.

ಆಂಡ್ರಾಯ್ಡ್ ಫೋನ್ ಆಗಿದ್ದರೆ ಸೆಟ್ಟಿಂಗ್ಸ್‌ಗೆ ಹೋಗಿ ಹುಡುಕೋ ಜಾಗದಲ್ಲಿ 'ಪಿನ್' ಅಂತ ಟೈಪ್ ಮಾಡಿ. ಆ್ಯಪ್ ಪಿನ್ನಿಂಗ್ ಅಥವಾ ಸ್ಕ್ರೀನ್ ಪಿನ್ನಿಂಗ್ ಅಂತ ಬರುತ್ತದೆ. ಆನ್ ಮಾಡಿ. ಹೊರಗೆ ಬರಲು ಪಾಸ್‌ವರ್ಡ್ ಕೇಳುವ ಹಾಗೂ ಮಾಡಿಡಿ. ಆಮೇಲೆ ವಾಟ್ಸ್‌ಆ್ಯಪ್ ತೆರೆದು ಪಿನ್ ಮಾಡಿ ಕೊಟ್ಟರೆ ಅವನು ಅದರಿಂದ ಬೇರೆ ಆ್ಯಪ್‌ಗೆ ಜಿಗಿಯಲು ಆಗಲ್ಲ. ಯೂಟ್ಯೂಬ್ ಸೆಟ್ಟಿಂಗ್ಸ್‌ನಲ್ಲಿ ರಿಸ್ಟ್ರಿಕ್ಟೆಡ್ ಮೋಡ್ ಆನ್ ಮಾಡಿ, ಒಂದು ವಿಡಿಯೊ ಮುಗಿದ ಕೂಡಲೇ ಇನ್ನೊಂದು ತಾನೇ ಶುರುವಾಗೋ ಆಟೊಪ್ಲೇ ಆಫ್ ಮಾಡಿ. ರಿಸ್ಟ್ರಿಕ್ಟೆಡ್ ಮೋಡ್ ಜರಡಿ ಇದ್ದ ಹಾಗೆ, ಸಣ್ಣ ಕಲ್ಲು ದಾಟಿ ಬರುತ್ತವೆ. ಆದರೂ ಜರಡಿ ಇಲ್ಲದ್ದಕ್ಕಿಂತ ವಾಸಿ ಅಲ್ವಾ?

ಮನೆಯಲ್ಲಿ ಹಳೇ ಫೋನ್ ಬಿದ್ದಿದ್ದರೆ ಮಗನ ನಿಜವಾದ ವಯಸ್ಸು ಹಾಕಿ ಅವನದೇ ಗೂಗಲ್ ಖಾತೆ ತೆಗೆದು, ಫ್ಯಾಮಿಲಿ ಲಿಂಕ್‌ನಿಂದ ನಿಮ್ಮ ಫೋನ್‌ಗೆ ಜೋಡಿಸಬಹುದು. ಯಾವ ಆ್ಯಪ್, ಎಷ್ಟು ಹೊತ್ತು ಅನ್ನೋದನ್ನ ನೀವು ಗೊತ್ತು ಮಾಡಬಹುದು. ಖರ್ಚಿಲ್ಲ.

ಇಷ್ಟೆಲ್ಲ ಮಾಡದಿದ್ದರೂ ಮಾಳಿಗೆ ಬಿಡಿಸಿ. ಹೋಮ್‌ವರ್ಕ್ ನೋಡಿ ನೋಟ್‌ಬುಕ್‌ಗೆ ಬರ್ಕೊಳ್ಳೋಕೆ ಹತ್ತು ನಿಮಿಷ ಸಾಕು. ನೀವು ರೊಟ್ಟಿ ಬಡಿಯೋವಾಗ ನಿಮ್ಮ ಪಕ್ಕದಲ್ಲೇ ಕೂತು ಬರ್ಕೊಳ್ಳಲಿ.

ಜೇವರ್ಗಿ ಕಡೆಯ ಒಬ್ಬ ತಂದೆ: ನಾವಿಬ್ಬರೂ ಪುಣೆಯಲ್ಲಿ ಕಟ್ಟಡದ ಕೆಲಸಕ್ಕೆ ಬಂದೀವಿ. ಮಗಳು ಊರಲ್ಲಿ ಆಯಿ ಹತ್ತಿರ ಇದ್ದಾಳೆ, ಒಂಬತ್ತನೇ ಕ್ಲಾಸ್. ಇನ್‌ಸ್ಟಾಗ್ರಾಮ್‌ನಲ್ಲಿ ಹುಡುಗಿ ಹೆಸರಿಟ್ಟುಕೊಂಡ ಯಾರೋ ಪರಿಚಯ ಆಗ್ಯಾರೆ. ಫೋಟೊ ಕೇಳಿದ್ದಕ್ಕೆ ಕಳಿಸಿದ್ದಾಳೆ. ಈಗ ಅದನ್ನ ಕೆಟ್ಟದಾಗಿ ಎಡಿಟ್ ಮಾಡಿ, ದುಡ್ಡು ಕೊಡು, ಇಲ್ಲಾಂದ್ರೆ ಸಾಲಿ ಗ್ರೂಪಿಗೆ ಹಾಕ್ತೀನಿ ಅಂತಾರಂತೆ. ಅವಳ ಗೆಳತಿ ನನ್ನ ತಂಗಿಗೆ ಹೇಳಿ ನಮಗೆ ಗೊತ್ತಾಯ್ತು. ಸಾಲಿ ಬಿಡಿಸಿ ಕರ್ಕೊಂಡು ಬರಲಾ?

ಉತ್ತರ: ಬೇಡ ಅಣ್ಣಾ. ಸಾಲಿ ಬಿಡಿಸಬೇಡಿ. ಇವತ್ತೇ ಮಗಳಿಗೆ ಫೋನ್ ಮಾಡಿ. 'ನಿನ್ನ ತಪ್ಪಿಲ್ಲ, ನಾನಿದ್ದೀನಿ' ಅಂತ ಮೊದಲು ಹೇಳಿ, ಬೈಗುಳ ಇದ್ದರೆ ನುಂಗಿಕೊಳ್ಳಿ. ಗೆಳತಿಗೆ ಹೇಳಿದಾಳೆ, ನಿಮಗೆ ಹೇಳಿಲ್ಲ. ಯಾಕೆ ಅಂತ ನೀವೇ ಬಲ್ಲಿರಿ.

ನನ್ನದೇ ಒಂದು ತಪ್ಪು ಹೇಳ್ತೀನಿ. ಕೆಲವು ವರ್ಷದ ಹಿಂದೆ ನನ್ನ ಕ್ಲಾಸಿನ ಹುಡುಗನೊಬ್ಬ ಶಾಲೆಗೆ ಫೋನ್ ತಂದ. ನಿಯಮ ನಿಯಮವೇ ಅಂತ ಕಿತ್ಕೊಂಡು ಬೀರುವಿನಲ್ಲಿಟ್ಟು ಅವರಪ್ಪನನ್ನು ಕರೆಸಿದೆ. ಅವರು ವರಾಂಡದಲ್ಲೇ ಎರಡು ಬಾರಿಸಿದರು. ತಿಂಗಳುಗಟ್ಟಲೆ ಆದ ಮೇಲೆ ಗೊತ್ತಾಯ್ತು, ಆಟದಲ್ಲಿ ಪರಿಚಯ ಆದವನೊಬ್ಬ ಹುಡುಗನನ್ನು ಹೆದರಿಸುತ್ತಿದ್ದ. ಆ ಫೋನ್ ಅವನು ತಂದಿದ್ದೇ ನನಗೆ ತೋರಿಸೋಕೆ. ಅವತ್ತಿನಿಂದ ಫೋನ್ ಹಿಡಿದ ಮಗು ಸಿಕ್ಕರೆ ಮೊದಲು 'ಏನಾಯ್ತು' ಅಂತ ಕೇಳುತ್ತೇನೆ.

ಈಗ ಕೆಲಸಕ್ಕೆ ಬರೋಣ. ದುಡ್ಡು ಒಂದು ರೂಪಾಯಿನೂ ಕಳಿಸಬೇಡಿ. ಒಮ್ಮೆ ಕೊಟ್ಟರೆ ಮತ್ತೆ ಕೇಳ್ತಾರೆ. ಚಾಟ್ ಅಳಿಸಬೇಡಿ, ಅದೇ ಸಾಕ್ಷಿ. ಬೆದರಿಕೆಯ ಮೆಸೇಜು, ಆ ಖಾತೆಯ ಹೆಸರು, ದುಡ್ಡು ಕೇಳಿದ ನಂಬರು ಕಾಣುವ ಹಾಗೆ ಸ್ಕ್ರೀನ್‌ಶಾಟ್ ತೆಗೆದಿಟ್ಟು ಆಮೇಲೆ ಬ್ಲಾಕ್ ಮಾಡಿ. ಎಡಿಟ್ ಮಾಡಿದ ಆ ಫೋಟೊ ಮಾತ್ರ ಯಾರಿಗೂ ಫಾರ್ವರ್ಡ್ ಮಾಡಬೇಡಿ, ಸಂಬಂಧಿಕರಿಗೂ ಬೇಡ.

ದೂರು ಕೊಡೋಕೆ ಪುಣೆಯಿಂದ ಬರಬೇಕಿಲ್ಲ. ಮಕ್ಕಳ ಸಹಾಯವಾಣಿ 1098, ಹಗಲು ರಾತ್ರಿ ಇರುತ್ತದೆ. ಸೈಬರ್ ಸಹಾಯವಾಣಿ 1930. ಕೇಂದ್ರ ಸರ್ಕಾರದ ಸೈಬರ್ ಕ್ರೈಮ್ ಪೋರ್ಟಲ್‌ನಲ್ಲಿ ಹೆಂಗಸರು ಮಕ್ಕಳಿಗೆ ಸಂಬಂಧಪಟ್ಟ ದೂರಿಗೆ ಬೇರೆ ಭಾಗವೇ ಇದೆ, ಅಲ್ಲಿ ಹೆಸರು ಹೇಳದೆಯೂ ತಿಳಿಸಬಹುದು. ಆದರೆ ಬೆದರಿಸುವವನು ಸಿಗಬೇಕು ಅಂದರೆ ಹೆಸರು ಕೊಟ್ಟೇ ದೂರು ಕೊಡಿ. 'ಟೇಕ್ ಇಟ್ ಡೌನ್' ಅಂತ ಒಂದು ಉಚಿತ ಸೇವೆ ಇದೆ, ಹದಿನೆಂಟರೊಳಗಿನವರ ಇಂಥ ಫೋಟೊಗಳಿಗೆಂದೇ. ಫೋಟೊ ನಿಮ್ಮ ಫೋನ್‌ನಿಂದ ಹೊರಗೆ ಹೋಗಲ್ಲ, ಬೆರಳಚ್ಚಿನ ಹಾಗೆ ಆ ಫೋಟೊದ್ದೇ ಆದ ಒಂದು ಡಿಜಿಟಲ್ ಗುರುತು ಮಾತ್ರ ಹೋಗುತ್ತದೆ. ಆ ಗುರುತು ಹಿಡಿದು ಇನ್‌ಸ್ಟಾಗ್ರಾಮ್, ಫೇಸ್‌ಬುಕ್‌ನಂಥವು ಅದನ್ನು ಹುಡುಕಿ ತೆಗೆಯುತ್ತವೆ.

ಎಡಿಟ್ ಮಾಡಿದ್ದು ತಾನೇ, ನಿಜದ್ದಲ್ಲವಲ್ಲ ಅಂತ ಯಾರಾದರೂ ಅಂದರೆ ಕೇಳಬೇಡಿ. ಮಗುವಿನ ಚಿತ್ರವನ್ನು ಅಶ್ಲೀಲವಾಗಿ ತೋರಿಸೋದು ಐಟಿ (ಮಾಹಿತಿ ತಂತ್ರಜ್ಞಾನ) ಕಾಯ್ದೆಯ 67ಬಿ ಸೆಕ್ಷನ್ ಕೆಳಗೆ ಅಪರಾಧ. ಮಕ್ಕಳನ್ನು ಲೈಂಗಿಕ ದೌರ್ಜನ್ಯದಿಂದ ಕಾಪಾಡೋ ಪೋಕ್ಸೋ ಕಾಯ್ದೆಗೆ 2019ರಲ್ಲಿ ತಂದ ತಿದ್ದುಪಡಿಯಲ್ಲಿ ಕಂಪ್ಯೂಟರ್‌ನಲ್ಲಿ ಮಾಡಿದ ಚಿತ್ರವೂ ಸೇರಿದೆ. ಮಗಳ ಹೆಸರು, ಶಾಲೆ, ಊರು ಪೇಪರಿನಲ್ಲಿ ಬರೋ ಹಾಗಿಲ್ಲ ಅಂತಲೂ ಪೋಕ್ಸೋ ಹೇಳುತ್ತದೆ. ಆ ಭಯ ಬೇಡ.

ಇದೆಲ್ಲ ತಣ್ಣಗಾದ ಮೇಲೆ ಒಂದು ನೋಡಿ. ಖಾತೆ ತೆರೆಯುವಾಗ ಹುಟ್ಟಿದ ವರ್ಷ ಏನು ಹಾಕಿದ್ದಾಳೆ? ನನ್ನ ಕ್ಲಾಸಿನಲ್ಲಿ ಕೇಳಿದರೆ ಅರ್ಧ ಜನ 2000ದಲ್ಲಿ ಹುಟ್ಟಿದವರು! ಹದಿಮೂರು ತುಂಬದೆ ಇನ್‌ಸ್ಟಾಗ್ರಾಮ್ ಇಲ್ಲ. ಹದಿಮೂರಾದವರಿಗೆ ಈಗ ಹದಿಹರೆಯದವರ ಖಾತೆ ಅಂತ ಇದೆ. ಅದು ತಾನಾಗಿಯೇ ಪ್ರೈವೇಟ್ ಇರುತ್ತದೆ, ಗುರುತಿಲ್ಲದವರ ಮೆಸೇಜ್ ಬರಲ್ಲ. ಹದಿನಾರರೊಳಗಿನವರು ಅದನ್ನು ಸಡಿಲ ಮಾಡಬೇಕಾದರೆ ತಂದೆತಾಯಿ ಒಪ್ಪಬೇಕು. ಸುಳ್ಳು ವರ್ಷ ಹಾಕಿದರೆ ಈ ಬೇಲಿ ಯಾವುದೂ ಇಲ್ಲ.

ಶಹಾಪುರದ ಒಬ್ಬ ಶಿಕ್ಷಕರು: ಮೇಡಂ, ನಮ್ಮ ಶಾಲೆಯ ಗ್ಯಾದರಿಂಗ್ ಫೋಟೊ, ಬಹುಮಾನ ತಗೊಂಡ ಮಕ್ಕಳ ಹೆಸರು, ಕ್ಲಾಸು ಎಲ್ಲ ಫೇಸ್‌ಬುಕ್‌ಗೆ ಹಾಕಿದ್ದೆವು. ಒಬ್ಬ ಪಾಲಕರು ಬಂದು ಜಗಳ ತೆಗೆದರು. ನಾವು ಖುಷಿಗೆ ಹಾಕಿದ್ದು.

ಉತ್ತರ: ಸರ್, ಬೇಜಾರಾಗಬೇಡಿ, ಆ ಪಾಲಕರ ಪರ ನಾನು. ಮುಖ, ಹೆಸರು, ಕ್ಲಾಸು, ಶಾಲೆ ಒಂದೇ ಪೋಸ್ಟ್‌ನಲ್ಲಿ ಇದ್ದರೆ ಅಪರಿಚಿತನೊಬ್ಬ ಶಾಲೆ ಬಿಡೋ ಹೊತ್ತಿಗೆ ಗೇಟಿಗೆ ಬಂದು 'ನಿಮ್ಮಪ್ಪ ಕಳಿಸಿದಾರೆ' ಅಂತ ಹೆಸರು ಹಿಡಿದು ಕರೆಯಬಹುದು. ಮೇಲಿನ ಪ್ರಶ್ನೆಯಲ್ಲಿ ಫೋಟೊ ಏನಾಯ್ತು ಅಂತಲೂ ಓದಿದಿರಿ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಕಾಯ್ದೆ ಹದಿನೆಂಟರೊಳಗಿನ ಎಲ್ಲರನ್ನೂ ಮಗು ಅಂತಲೇ ಎಣಿಸುತ್ತದೆ, ಪಾಲಕರ ಒಪ್ಪಿಗೆ ಕೇಳುತ್ತದೆ. ವರ್ಷದ ಶುರುವಿನಲ್ಲಿ ಒಂದು ಒಪ್ಪಿಗೆ ಪತ್ರ ತಗೊಳ್ಳಿ. ಗುಂಪಿನ ಫೋಟೊ ಹಾಕಿ, ಹೆಸರು ಬಿಡಿ. ಮನೆಯವರಿಗೆ ತಮ್ಮ ಮಗು ಯಾವುದು ಅಂತ ಗೊತ್ತೇ ಇರುತ್ತದೆ.

ಹಾಗೇ ಕ್ಲಾಸಿನ ವಾಟ್ಸ್‌ಆ್ಯಪ್ ಗ್ರೂಪಿನಲ್ಲಿ ಅಡ್ಮಿನ್ ಮಾತ್ರ ಮೆಸೇಜ್ ಹಾಕೋ ಹಾಗೆ ಮಾಡಿ. ಇಲ್ಲಾಂದ್ರೆ ಗುಡ್ ಮಾರ್ನಿಂಗ್ ಹೂವಿನ ನಡುವೆ ಹೋಮ್‌ವರ್ಕ್ ಕಳೆದುಹೋಗುತ್ತದೆ. ಮಕ್ಕಳ ಜೊತೆ ಒಬ್ಬರಿಗೊಬ್ಬರು ಚಾಟ್ ಬೇಡ, ಏನಿದ್ದರೂ ಗ್ರೂಪಿನಲ್ಲಿ, ಇಲ್ಲಾಂದ್ರೆ ಪಾಲಕರ ನಂಬರಿಗೆ. ಲ್ಯಾಬ್‌ನಲ್ಲಿ ಪಾಸ್‌ವರ್ಡ್ ಬೋರ್ಡಿನ ಮೇಲೆ ಬರೆಯಬೇಡಿ. ನಗಬೇಡಿ, ನಾನೇ ಎರಡು ವರ್ಷ ಬರೆದಿದ್ದೆ.

ಹುಮನಾಬಾದ್‌ನಿಂದ: ಮಗ ಎಂಟನೇ ಕ್ಲಾಸ್. ಮುತ್ಯಾನ ಫೋನ್‌ನಿಂದ ಆಟಕ್ಕೆ 3,200 ರೂಪಾಯಿ ಕಟ್ಟಿದಾನೆ. ಪಿನ್ ಹೇಗೆ ಗೊತ್ತಾಯ್ತೋ!

ಉತ್ತರ: ಮುತ್ಯಾನೇ ಹೇಳಿರ್ತಾರೆ ರೀ. ಕಣ್ಣು ಮಂಜು, ಅಕ್ಷರ ಸಣ್ಣ. 'ಪಾ, ಲೈಟ್ ಬಿಲ್ ಕಟ್ಟು' ಅಂತ ಮೊಮ್ಮಗನಿಗೇ ಫೋನ್ ಕೊಡ್ತಾರೆ. ಮನೆಯ ಖಜಾಂಚಿ ಹದಿಮೂರು ವರ್ಷದವನು! ಇವತ್ತೇ ಪಿನ್ ಬದಲಿಸಿ. ಯುಪಿಐ ಲೈಟ್ ಇದ್ದರೆ ತೆಗೆಯಿರಿ, ಅದರಲ್ಲಿ ಸಣ್ಣ ಮೊತ್ತ ಪಿನ್ ಇಲ್ಲದೆಯೇ ಹೋಗುತ್ತದೆ. ಪ್ಲೇ ಸ್ಟೋರ್ ಸೆಟ್ಟಿಂಗ್ಸ್‌ನಲ್ಲಿ ಪ್ರತಿ ಖರೀದಿಗೂ ಪಾಸ್‌ವರ್ಡ್ ಕೇಳೋ ಹಾಗೆ ಮಾಡಿ. ದುಡ್ಡು ಪ್ಲೇ ಸ್ಟೋರ್ ಮೂಲಕ ಹೋಗಿದ್ದರೆ 48 ಗಂಟೆಯೊಳಗೆ ಅಲ್ಲೇ ರೀಫಂಡ್ ಕೇಳಿ ನೋಡಿ. 'ಅರ್ಧ ರೇಟಿಗೆ ಡೈಮಂಡ್ (ಆಟದೊಳಗಿನ ದುಡ್ಡು) ಕೊಡ್ತೀನಿ' ಅಂದ ಯಾರದೋ ನಂಬರಿಗೆ ಹೋಗಿದ್ದರೆ ಅದು ಮೋಸ, ತಡ ಮಾಡದೆ 1930ಕ್ಕೆ ಫೋನ್ ಮಾಡಿ. ಬೇಗ ಹೇಳಿದಷ್ಟೂ ದುಡ್ಡು ತಡೆಹಿಡಿಯೋ ಆಸೆ ಇರುತ್ತದೆ.

ಕಲಬುರಗಿಯ ಎಸ್‌ಎಸ್‌ಎಲ್‌ಸಿ ವಿದ್ಯಾರ್ಥಿ: ಟೀಚರ್, ಪ್ರಬಂಧ ಎಐಗೆ ಕೇಳಿ ಬರೆದರೆ ತಪ್ಪಾ?

ಉತ್ತರ: ಅರ್ಥ ಆಗದ ಪಾಠ ಕೇಳಿ ತಿಳ್ಕೊಳ್ಳೋದು ತಪ್ಪಲ್ಲಪ್ಪ. ನಕಲು ತಪ್ಪು. ಅದು ಸುಳ್ಳನ್ನೂ ಘಂಟಾಘೋಷವಾಗಿ ಹೇಳುತ್ತದೆ. ಒಬ್ಬ ಹುಡುಗಿ ತಂದ ಪ್ರಬಂಧದಲ್ಲಿ ಬಹಮನಿಗಳು ಬೀದರಿನಿಂದ ಕಲಬುರಗಿಗೆ ರಾಜಧಾನಿ ತಂದರು ಅಂತ ಇತ್ತು. 1347ರಲ್ಲಿ ರಾಜ್ಯ ಶುರುವಾಗಿ ಮೊದಲು ನಮ್ಮೂರು, ಆಮೇಲೆ ಬೀದರ್. ಅವಳು ದಿನಾ ಕೋಟೆ ಮುಂದೆಯೇ ಆಟೊ ಇಳೀತಾಳೆ! ಪಠ್ಯಪುಸ್ತಕದ ಕ್ಯೂಆರ್ ಕೋಡ್ ದೀಕ್ಷಾ ಆ್ಯಪ್‌ನಲ್ಲಿ ಸ್ಕ್ಯಾನ್ ಮಾಡು, ಮೊದಲು ಅದನ್ನ ನೋಡು. ಎಐಗೆ ನಿನ್ನ ಹೆಸರು, ಶಾಲೆ, ಮನೆ ಜಗಳ ಹೇಳೋಕೆ ಹೋಗಬೇಡ.

ಜೇವರ್ಗಿ ಕಡೆಯ ತಂದೆ: ಮೇಡಂ, ಮಾತಾಡಿದೆ. ಹತ್ತು ನಿಮಿಷ ಬರೀ ಅತ್ತಳು. ನಾನು ಬೈಲಿಲ್ಲ. 1098ಕ್ಕೆ ಈಗ ಮಾಡ್ತಿದೀನಿ.

ಉತ್ತರ: ಮಾಡಿ ಅಣ್ಣಾ. ಇವತ್ತು ರಾತ್ರಿ ಆಯಿ ಅವಳ ಪಕ್ಕದಲ್ಲೇ ಮಲಗಲಿ. ನಾಳೆ ಅವಳ ಹೆಡ್‌ಮಾಸ್ಟರ್ ಜೊತೆ ಮಾತಾಡಬೇಕು ಅನಿಸಿದರೆ ನನಗೆ ಮೆಸೇಜ್ ಹಾಕಿ, ನಾನೂ ಲೈನ್‌ನಲ್ಲಿ ಇರ್ತೀನಿ.

ಆಳಂದದ ತಾಯಿ: ಮೇಡಂ, ಪಿನ್ ಮಾಡಿದೆ. ಮಗ ಹೊರಗೆ ಬರೋಕಾಗದೆ ಹೋಮ್‌ವರ್ಕ್ ಮುಗಿಸಿ ಕೊಟ್ಟ. ಈಗ ನನಗೂ ಹೊರಗೆ ಬರೋಕೆ ಆಗ್ತಿಲ್ಲ!

ಉತ್ತರ: ಕೆಳಗೆ ಮೂರು ಬಟನ್ ಇದ್ದರೆ ಬ್ಯಾಕ್ ಮತ್ತು ಚೌಕದ ಬಟನ್ ಎರಡೂ ಒಟ್ಟಿಗೆ ಒತ್ತಿ ಹಿಡೀರಿ. ಬಟನ್ ಇಲ್ಲದಿದ್ದರೆ ಕೆಳಗಿನಿಂದ ಮೇಲೆ ಬೆರಳು ಎಳೆದು ಅಲ್ಲೇ ಹಿಡಿದಿಡಿ. ಮಗನ ಮುಂದೆ ಮಾಡಬೇಡಿ ಅಕ್ಕಾ.